ಗಾಜಿನ ಗುಣವನ್ನಳೆದ ಫ್ರೌನ್‌ಹೋಫರ್

1801ನೆಯ ಇಸವಿಯ ಜುಲೈ 21ರಂದು ಬವೇರಿಯ ರಾಜ್ಯದ ಮ್ಯೂನಿಕ್ ನಗರದಲ್ಲಿ ಕನ್ನಡಿ ತಯಾರಕನೊಬ್ಬನ ಮನೆ ಇದ್ದಕ್ಕಿದ್ದಂತೆ ಕುಸಿದುಬಿದ್ದಿತು. ಅಲ್ಲಿ ಕೆಲಸ ಕಲಿಯುತ್ತಿದ್ದ ಹದಿನಾಲ್ಕು ವರ್ಷದ ಅನಾಥ ಬಾಲಕನೊಬ್ಬನು ಮಣ್ಣುಕಲ್ಲುಗಳ ರಾಶಿಯಡಿಯಲ್ಲಿ ಸಿಲುಕಿದನು. ಜನರು ಬಹಳ ಹೊತ್ತು ಶ್ರಮಿಸಿ ಅವನನ್ನು ಜೀವಸಹಿತ ಹೊರತೆಗೆದರು. ಅವನೇ ಜೋಸೆಫ್ ಫ್ರೌನ್‌ಹೋಫರ್.

ಅವನು 1787ನೆಯ ಮಾರ್ಚ್ 6ರಂದು ಸ್ಟ್ರೌಬಿಂಗ್ ಎಂಬ ಊರಿನಲ್ಲಿ ಗಾಜಿನ ಕೆಲಸದವನ ಮಗನಾಗಿ ಜನಿಸಿದನು. ಹನ್ನೆರಡು ವರ್ಷ ತುಂಬುವ ಮೊದಲೇ ತಂದೆತಾಯಿಗಳನ್ನು ಕಳೆದುಕೊಂಡನು. ಮ್ಯೂನಿಕ್ಕಿನ ಯಜಮಾನನು ಅವನಿಂದ ದುಡಿಸಿಕೊಂಡನೇ ಹೊರತು ಓದಿಗೆ ಅವಕಾಶ ಕೊಡಲಿಲ್ಲ. ಮನೆ ಕುಸಿದ ದಿನ ಸ್ಥಳಕ್ಕೆ ಬಂದಿದ್ದ ದೊರೆ ಮ್ಯಾಕ್ಸಿಮಿಲಿಯನ್ ಜೋಸೆಫನು ಬಾಲಕನಿಗೆ 18 ಚಿನ್ನದ ನಾಣ್ಯಗಳನ್ನು ಅನುಗ್ರಹಿಸಿದನು. ಉಟ್ಜ್‌ಷ್ನೈಡರ್ ಎಂಬ ಉದ್ಯಮಿಯು ಪುಸ್ತಕಗಳನ್ನು ಒದಗಿಸಿದನು. ಫ್ರೌನ್‌ಹೋಫರನು ಆ ಹಣದಿಂದ ಗಾಜು ಉಜ್ಜುವ ಯಂತ್ರವೊಂದನ್ನು ಕೊಂಡನು. ಯಜಮಾನನ ಕಟ್ಟಿನಿಂದಲೂ ಬಿಡುಗಡೆ ಪಡೆದನು.

1806ರಲ್ಲಿ ಅವನು ಉಟ್ಜ್‌ಷ್ನೈಡರನು ಪಾಲುದಾರನಾಗಿದ್ದ ದೃಗುಪಕರಣಗಳ ಕಾರ್ಖಾನೆಯನ್ನು ಸೇರಿದನು. ಅಂದಿನ ಮಸೂರಗಳಲ್ಲಿ ಒಂದು ದೊಡ್ಡ ದೋಷವಿತ್ತು. ಗಾಜು ಒಂದೊಂದು ಬಣ್ಣದ ಬೆಳಕನ್ನು ಒಂದೊಂದು ಪ್ರಮಾಣದಲ್ಲಿ ಬಾಗಿಸುವುದರಿಂದ ಬಿಂಬದ ಅಂಚಿನಲ್ಲಿ ಬಣ್ಣಗಳು ಕಾಣಿಸಿಕೊಳ್ಳುತ್ತಿದ್ದವು. ಎರಡು ಬಗೆಯ ಗಾಜಿನ ಮಸೂರಗಳನ್ನು ಜೋಡಿಸಿದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ. ಆದರೆ ಅವುಗಳ ಆಕಾರವನ್ನು ಲೆಕ್ಕಹಾಕಲು ಪ್ರತಿಯೊಂದು ಗಾಜಿನ ವಕ್ರೀಭವನ ಸಾಮರ್ಥ್ಯವು ಬಣ್ಣಬಣ್ಣಕ್ಕೂ ನಿಖರವಾಗಿ ತಿಳಿದಿರಬೇಕು. ಕಾಮನಬಿಲ್ಲಿನಲ್ಲಿ ಕೆಂಪು ಎಲ್ಲಿ ಮುಗಿಯಿತು, ಕಿತ್ತಳೆ ಎಲ್ಲಿ ಮೊದಲಾಯಿತು ಎಂದು ಹೇಳಬಲ್ಲವರಾರು? ಗುರುತೇ ಇಲ್ಲದ ಕಡೆ ಅಳತೆ ಮಾಡುವುದೆಂತು?

ಫ್ರೌನ್‌ಹೋಫರನು ಆ ಗುರುತನ್ನು ಬೆಳಕಿನಲ್ಲಿಯೇ ಹುಡುಕಿದನು. ದೀಪದ ಬೆಳಕನ್ನು ಅಶ್ರಗದ ಮೂಲಕ ಹಾಯಿಸಿದಾಗ ರೋಹಿತದಲ್ಲಿ ಪ್ರಕಾಶಮಾನವಾದ ಹಳದಿ ಗೆರೆಯೊಂದು ಕಂಡಿತು. ಅದು ಸೂರ್ಯನ ಬೆಳಕಿನಲ್ಲಿಯೂ ಇರುವುದೇ ಎಂದು ಅವನು ಪರೀಕ್ಷಿಸಿದನು. ಕಿಟಕಿಯ ಕಿರಿದಾದ ಸೀಳಿನಿಂದ ಬಂದ ಬಿಸಿಲನ್ನು ಅಶ್ರಗದ ಮೇಲೆ ಬೀಳಿಸಿ, ಕೋನಗಳನ್ನು ಅಳೆಯುವ ದೂರದರ್ಶಕದಿಂದ ನೋಡಿದನು. ರೋಹಿತದ ಉದ್ದಕ್ಕೂ ಅಸಂಖ್ಯಾತ ಕಪ್ಪು ಗೆರೆಗಳಿದ್ದವು! ಇಂಗ್ಲೆಂಡಿನ ವೊಲಾಸ್ಟನ್ 1802ರಲ್ಲಿಯೇ ಅಂತಹ ಕೆಲವು ಗೆರೆಗಳನ್ನು ಕಂಡಿದ್ದರೂ ಅವುಗಳ ಬೆಲೆಯನ್ನು ಅರಿತಿರಲಿಲ್ಲ. 1814ರ ವೇಳೆಗೆ ಫ್ರೌನ್‌ಹೋಫರನು 500ಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿ, ಮುಖ್ಯವಾದವುಗಳಿಗೆ ಎ, ಬಿ, ಸಿ ಮೊದಲಾದ ಅಕ್ಷರಗಳನ್ನು ಕೊಟ್ಟನು.

ಈ ಗೆರೆಗಳು ಎಂದೂ ಕದಲದ ಮೈಲಿಗಲ್ಲುಗಳಂತಿದ್ದವು. ಪ್ರತಿಯೊಂದು ಬಗೆಯ ಗಾಜಿನಿಂದಲೂ ಅಶ್ರಗವನ್ನು ಮಾಡಿ, ಒಂದೊಂದು ಗೆರೆಯೂ ಎಷ್ಟು ಬಾಗುವುದೆಂದು ಅವನು ಅಳೆದನು. ಅದುವರೆಗೆ ಬಹುಮಟ್ಟಿಗೆ ಕೈವಾಡವಾಗಿದ್ದ ಮಸೂರನಿರ್ಮಾಣವು ಗಣಿತದ ಆಧಾರವುಳ್ಳ ಶಾಸ್ತ್ರವಾಯಿತು. 1824ರಲ್ಲಿ ಅವನು ಡೋರ್ಪಾಟ್ ವೀಕ್ಷಣಾಲಯಕ್ಕೆ ನಿರ್ಮಿಸಿಕೊಟ್ಟ ದೂರದರ್ಶಕದ ಮಸೂರದ ವ್ಯಾಸ ಸುಮಾರು 24 ಸೆಂಟಿಮೀಟರು. ಅದರ ನೆರವಿನಿಂದ ಸ್ಟ್ರೂವೆ ಎಂಬ ಖಗೋಳವಿಜ್ಞಾನಿಯು ಸಾವಿರಾರು ಜೋಡಿ ನಕ್ಷತ್ರಗಳನ್ನು ಪಟ್ಟಿ ಮಾಡಿದನು.

ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಈ ಕುಶಲಕರ್ಮಿಗೆ ವಿದ್ವಾಂಸರ ಸಭೆಯಲ್ಲಿ ಸ್ಥಾನ ಸುಲಭವಾಗಿ ದೊರೆಯಲಿಲ್ಲ. ಆದರೂ ಎರ್ಲಾಂಗೆನ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ದೊರೆಯು ಕುಲೀನ ಪದವಿಯನ್ನು ದಯಪಾಲಿಸಿದನು. 1826ನೆಯ ಜೂನ್ 7ರಂದು ಕ್ಷಯರೋಗದಿಂದ ಅವನು ಮೃತನಾದಾಗ ವಯಸ್ಸು ಕೇವಲ 39.

ಆ ಗೆರೆಗಳು ಏಕೆ ಕಪ್ಪಾಗಿವೆ ಎಂಬುದು ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ. ಸೂರ್ಯನ ವಾತಾವರಣದಲ್ಲಿರುವ ಧಾತುಗಳು ತಮಗೆ ತಕ್ಕ ಬೆಳಕನ್ನು ಹೀರಿಕೊಳ್ಳುವುದರಿಂದ ಅವು ಉಂಟಾಗುತ್ತವೆಂದು 1859ರಲ್ಲಿ ಕಿರ್ಕಾಫ್ ವಿವರಿಸಿದನು. ಅಂದಿನಿಂದ ನಕ್ಷತ್ರಗಳಲ್ಲಿರುವ ವಸ್ತುಗಳನ್ನು ಭೂಮಿಯಿಂದಲೇ ಅರಿಯುವುದು ಸಾಧ್ಯವಾಯಿತು. ಒಳ್ಳೆಯ ಮಸೂರವೊಂದನ್ನು ಮಾಡಲು ಹೊರಟವನ ಪ್ರಾಮಾಣಿಕ ಅಳತೆಯು ವಿಶ್ವವನ್ನು ಓದುವ ಅಕ್ಷರಮಾಲೆಯನ್ನೇ ಮನುಕುಲದ ಕೈಗಿತ್ತಿತು.