ಡಾರ್ವಿನ್ನನ ಹುಲ್ಲಿನ ಮೊಳಕೆಗಳು

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳಿದೊಡನೆ ಎಲ್ಲರಿಗೂ ನೆನಪಾಗುವುದು ವಿಕಾಸವಾದ. 1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದ ಈತನು ಬೀಗಲ್ ನೌಕೆಯಲ್ಲಿ ಜಗತ್ತನ್ನು ಸುತ್ತಿ ಬಂದು, 1859ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ಸಂಗತಿ ಸರ್ವವಿದಿತ. ಆದರೆ ಆತನು ಮುಪ್ಪಿನ ದಿನಗಳನ್ನು ಹುಲ್ಲಿನ ಮೊಳಕೆಗಳ ಮುಂದೆ ಕಳೆದನೆಂಬುದು ಅನೇಕರಿಗೆ ತಿಳಿಯದು.

ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ಆತನ ಮನೆಯಿತ್ತು. ಬಹುಕಾಲದ ಅನಾರೋಗ್ಯದಿಂದ ದೇಹ ಬಳಲಿತ್ತು. ಮಗ ಫ್ರಾನ್ಸಿಸ್ ಆತನಿಗೆ ಬಲಗೈಯಾಗಿ ನಿಂತನು. ಕಿಟಕಿಯ ಬಳಿಯ ಸಸಿ ಬೆಳಕಿನತ್ತ ಬಾಗುವುದನ್ನು ಕಾಣದವರಾರು? ಆದರೆ ಬೆಳಕನ್ನು ಅರಿಯುವುದು ಸಸಿಯ ಯಾವ ಭಾಗ? ಇದನ್ನು ತಿಳಿಯಲು ತಂದೆಮಕ್ಕಳು, ಪಂಜರದ ಹಕ್ಕಿಗಳಿಗೆ ಕಾಳಾಗಿ ಹಾಕುವ ಕ್ಯಾನರಿ ಹುಲ್ಲಿನ ಬೀಜಗಳನ್ನು ಮೊಳೆಯಿಸಿದರು. ಕೆಲವು ಮೊಳಕೆಗಳ ತುದಿಗೆ ಬೆಳಕು ಹೊಗದಂತೆ ಪುಟ್ಟ ಟೊಪ್ಪಿಗೆಗಳನ್ನು ತೊಡಿಸಿದರು. ಅವು ಬಾಗದೆ ನೆಟ್ಟಗೆ ನಿಂತವು. ಬೇರೆ ಕೆಲವುಗಳ ತುದಿಯನ್ನು ಬಿಟ್ಟು, ಬುಡವನ್ನು ಮಾತ್ರ ಕಪ್ಪು ಮರಳಿನಲ್ಲಿ ಹುದುಗಿಸಿದರು. ಅವು ಬೆಳಕಿನತ್ತ ಬಾಗಿದವು! ತುದಿಯಿಂದ ಯಾವುದೋ ಪ್ರಭಾವವು ಕೆಳಗಿಳಿದು ಕಾಂಡವನ್ನು ಬಾಗಿಸುತ್ತದೆಂದು ಡಾರ್ವಿನ್ನನು 1880ರ ಗ್ರಂಥದಲ್ಲಿ ಪ್ರತಿಪಾದಿಸಿದನು.

ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಜರ್ಮನಿಯ ಸಸ್ಯಶಾಸ್ತ್ರಜ್ಞ ಜೂಲಿಯಸ್ ಸಾಕ್ಸನು ತಂದೆಮಕ್ಕಳ ಪ್ರಯೋಗಗಳನ್ನು ಕೌಶಲವಿಲ್ಲದವೆಂದು ಹಳಿದನು. ಫ್ರಾನ್ಸಿಸನು ಕೆಲಸ ಕಲಿತದ್ದು ಅದೇ ಸಾಕ್ಸನ ಪ್ರಯೋಗಶಾಲೆಯಲ್ಲಿ! ವಿಯೆನ್ನಾದ ವೀಸ್ನರನು 1881ರಲ್ಲಿ ಒಂದು ಖಂಡನಗ್ರಂಥವನ್ನೇ ರಚಿಸಿದನು. ಆಕ್ಷೇಪಕ್ಕೆ ಎಡೆಯಿಲ್ಲದಿರಲಿಲ್ಲ, ಆ ಪ್ರಭಾವವು ಎಂತಹದೆಂಬುದನ್ನು ಡಾರ್ವಿನ್ನನು ತೋರಿಸಿರಲಿಲ್ಲ. ತೋರಿಸಲು ಕಾಲವೂ ಉಳಿದಿರಲಿಲ್ಲ. 1882ರ ಏಪ್ರಿಲ್ 19ರಂದು ಆತನು ಕಣ್ಮುಚ್ಚಿದನು.

ನಾಲ್ವತ್ತನಾಲ್ಕು ವರ್ಷಗಳ ಬಳಿಕ, 1926ರಲ್ಲಿ, ಹಾಲೆಂಡಿನ ತರುಣ ಫ್ರಿಟ್ಸ್ ವೆಂಟನು ಓಟ್ಸ್ ಮೊಳಕೆಗಳ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಲೋಳೆಯ ತುಣುಕುಗಳ ಮೇಲಿಟ್ಟನು. ಆಮೇಲೆ ತುದಿಗಳನ್ನು ತೆಗೆದು, ಆ ತುಣುಕನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಕೂರಿಸಿದನು. ಕತ್ತಲೆಯಲ್ಲಿಯೂ ಆ ಪಕ್ಕ ಹೆಚ್ಚು ಬೆಳೆದು ಮೊಳಕೆ ಬಾಗಿತು. ತುದಿಯಿಂದ ಇಳಿಯುವ ಆ ವಸ್ತುವೇ ಆಕ್ಸಿನ್ ಎಂಬ ಸಸ್ಯ ಹಾರ್ಮೋನು.

ಅದು ಬಾಗಿಸುವ ಬಗೆ ತಿಳಿಯಲು ಇನ್ನೂ ಹಲವು ದಶಕಗಳು ಬೇಕಾದವು. ಸಸ್ಯದ ಪ್ರತಿ ಜೀವಕೋಶವನ್ನೂ ಗಟ್ಟಿಯಾದ ಭಿತ್ತಿಯೊಂದು ಬಿಗಿದಿರುತ್ತದೆ. ಮೊಳಕೆಯ ನೆರಳಿನ ಪಕ್ಕದಲ್ಲಿ ಆಕ್ಸಿನ್ ಹೆಚ್ಚಾಗಿ ಸೇರಿ, ಅಲ್ಲಿನ ಕೋಶಭಿತ್ತಿಯನ್ನು ಆಮ್ಲೀಯವಾಗಿಸುತ್ತದೆ. ಆಗ ಎಕ್ಸ್‌ಪ್ಯಾನ್ಸಿನ್ ಎಂಬ ಪ್ರೋಟೀನುಗಳು ಭಿತ್ತಿಯ ಎಳೆಗಳ ಬೆಸುಗೆಯನ್ನು ಸಡಿಲಿಸುತ್ತವೆ. ಒಳಗಿನ ನೀರಿನ ಒತ್ತಡಕ್ಕೆ ಮಣಿದು ಕೋಶಗಳು ಉದ್ದವಾಗುತ್ತವೆ. ನೆರಳಿನ ಪಕ್ಕ ನೀಳವಾದಂತೆ ಮೊಳಕೆಯು ಬೆಳಕಿನ ಕಡೆಗೆ ತಲೆಬಾಗುತ್ತದೆ.