ಹೊವಾರ್ಡ್ ಟೇಲರ್ ರಿಕೆಟ್ಸ್

ಅಮೆರಿಕಾ ಸಂಯುಕ್ತ ಸಂಸ್ಥಾನದ ಮೊಂಟಾನಾ ಪ್ರಾಂತದಲ್ಲಿ ಬಿಟರ್‌ರೂಟ್ ಎಂಬ ಸುಂದರವಾದ ಕಣಿವೆಯುಂಟು. ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದಲ್ಲಿ ಅಲ್ಲಿಯ ಜನರಿಗೆ ವಸಂತಕಾಲವೆಂದರೆ ಭಯವೇ. ಹಿಮ ಕರಗುತ್ತಲೇ ಒಂದು ವಿಚಿತ್ರ ಜ್ವರ ಕಾಣಿಸಿಕೊಳ್ಳುತ್ತಿತ್ತು. ಮಣಿಕಟ್ಟು ಕಾಲ್ಗಿಣ್ಣುಗಳಲ್ಲಿ ಎದ್ದ ಕೆಂಪು ಚುಕ್ಕೆಗಳು ಮೈಯೆಲ್ಲ ಹರಡುತ್ತಿದ್ದವು. ರೋಗ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ನದಿಯ ಪಶ್ಚಿಮ ದಡದಲ್ಲಿ ರೋಗ, ಪೂರ್ವ ದಡದಲ್ಲಿ ಕ್ಷೇಮ! ಕರಗಿದ ಹಿಮದ ನೀರನ್ನು ಕುಡಿದುದೇ ಕಾರಣವೆಂದು ಹಲವರು ನಂಬಿದ್ದರು. 1906ರಲ್ಲಿ ಈ ಕಣಿವೆಯ ರೋಗವನ್ನು ಅರಸಿ ಬಂದವರೇ ಡಾಕ್ಟರ್ ರಿಕೆಟ್ಸ್.

ಅವರು ಜನಿಸಿದುದು 1871ರಲ್ಲಿ, ಒಹಾಯೊ ಪ್ರಾಂತದ ಫಿಂಡ್ಲೆ ಎಂಬಲ್ಲಿ. 1893ರ ಆರ್ಥಿಕ ಕುಸಿತದಲ್ಲಿ ಮನೆಯ ಸಂಪತ್ತು ಕರಗಿಹೋದುದರಿಂದ ತಾವೇ ದುಡಿದು ವೈದ್ಯ ವಿದ್ಯೆಯನ್ನು ಮುಗಿಸಬೇಕಾಯಿತು. ಮುಂದೆ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ರೋಗವನ್ನು ತರುವುದು ಉಣ್ಣಿಯೆಂಬ ಸಂಶಯ ಕೆಲವರಲ್ಲಿ ಮೊದಲೇ ಇತ್ತು. ಉಣ್ಣಿ ಎಂದರೆ ದನ ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಜೀವಿ. ನಮ್ಮ ಮಲೆನಾಡಿನವರು ಇದನ್ನು ಉಣುಗು ಎನ್ನುತ್ತಾರೆ. ಎಂಟು ಕಾಲಿನ ಇದು ಕೀಟವಲ್ಲ, ಜೇಡನ ಬಂಧು. ಸಂಶಯ ಬೇರೆ, ಪ್ರಮಾಣ ಬೇರೆ. ರಿಕೆಟ್ಸರು ರೋಗಿಯ ರಕ್ತವನ್ನು ಗಿನಿಹಂದಿಗೆ ಚುಚ್ಚಿದರು. ಅದಕ್ಕೆ ಜ್ವರ ಬಂದಿತು. ಆ ಪ್ರಾಣಿಯ ರಕ್ತ ಹೀರಿದ ಉಣ್ಣಿಯನ್ನು ತೆಗೆದು ಆರೋಗ್ಯವಂತ ಗಿನಿಹಂದಿಯ ಮೇಲೆ ಬಿಟ್ಟರು. ಅದೂ ಜ್ವರದಿಂದ ಮಲಗಿತು. ಕಿಂಗ್ ಎಂಬ ಸರ್ಕಾರಿ ವೈದ್ಯರೂ ಅದೇ ವರ್ಷ ಇದನ್ನೇ ತೋರಿಸಿಕೊಟ್ಟರು. ಆದರೆ ರಿಕೆಟ್ಸರು ಅಲ್ಲಿಗೆ ನಿಲ್ಲಲಿಲ್ಲ. ಕಾಡಿನಿಂದ ಹಿಡಿದು ತಂದ ಉಣ್ಣಿಗಳಲ್ಲಿಯೂ ವಿಷವಿರುವುದನ್ನು ಕಂಡರು. ತಾಯಿ ಉಣ್ಣಿಯಿಂದ ಮೊಟ್ಟೆಗಳ ಮೂಲಕ ಮರಿಗಳಿಗೂ ಅದು ಇಳಿಯುವುದೆಂದು ತಿಳಿಸಿದರು. ಮನುಷ್ಯರಾರೂ ಕಾಯಿಲೆ ಬೀಳದ ಚಳಿಗಾಲವನ್ನು ರೋಗವು ಹೇಗೆ ದಾಟುತ್ತದೆಂಬ ಒಗಟು ಇದರಿಂದ ಬಹುಮಟ್ಟಿಗೆ ಬಿಡಿಸಿತು. ನನ್ನ ಎಣಿಕೆಯಲ್ಲಿ ಅವರ ಕೆಲಸಗಳಲ್ಲೆಲ್ಲ ಇದೇ ಮಿಗಿಲು. ರಕ್ತದಲ್ಲಿಯೂ ಉಣ್ಣಿಯ ಮೊಟ್ಟೆಗಳಲ್ಲಿಯೂ ಅತಿ ಸೂಕ್ಷ್ಮ ಜೀವಾಣುಗಳನ್ನು ಕಂಡರೂ ಅವಕ್ಕೆ ಹೆಸರಿಡಲು ಅವರು ಆತುರಪಡಲಿಲ್ಲ.

ಉಣ್ಣಿಯೇ ವಾಹಕವೆಂದು ತಿಳಿದ ಮೇಲೆ ರಕ್ಷಣೆಯ ಮಾರ್ಗವೂ ತೆರೆಯಿತು. ಕಾಡು ಹುಲ್ಲುಗಾವಲುಗಳಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ಮರಳಿದೊಡನೆ ಕಂಕುಳು, ಮಂಡಿಯ ಹಿಂಬದಿ, ಕಿವಿಯ ಹಿಂಭಾಗ, ಕೂದಲಿನ ಎಡೆಗಳನ್ನು ಪರೀಕ್ಷಿಸಬೇಕು. ಕಚ್ಚಿದ ಉಣ್ಣಿಯನ್ನು ಬೆಂಕಿಯಿಂದ ಸುಡುವುದಾಗಲಿ ಬರಿಬೆರಳಿನಿಂದ ಹಿಸುಕುವುದಾಗಲಿ ಕೂಡದು; ಸಣ್ಣ ಚಿಮುಟದಿಂದ ಚರ್ಮದ ಸಮೀಪದಲ್ಲೇ ಹಿಡಿದು ನೇರವಾಗಿ ಎಳೆದು, ಸಾಬೂನಿನಿಂದ ತೊಳೆಯಬೇಕು. ಅನಂತರ ಜ್ವರ ಬಂದರೆ ಉಣ್ಣಿ ಕಚ್ಚಿದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಈ ಚುಕ್ಕೆ ಜ್ವರಕ್ಕೆ ಇಂದು ಡಾಕ್ಸಿಸೈಕ್ಲಿನ್ ಎಂಬ ಔಷಧವಿದೆ. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವಿನೊಡನೆ ಗೋಚರಿಸಿದ ಮಂಗನ ಕಾಯಿಲೆಯನ್ನು ಉಣ್ಣಿಯೇ ತಂದರೂ, ಅದರ ಮೂಲ ವೈರಸ್ಸಾದುದರಿಂದ ಈ ಔಷಧ ಅಲ್ಲಿ ನಾಟುವುದಿಲ್ಲ. ರಜೆಯಲ್ಲಿ ಆ ಕಡೆಯ ಅಜ್ಜಿಮನೆಗೆ ಹೋಗುವ ಗೆಳೆಯರು ಇದನ್ನು ನೆನಪಿಡಲಿ.

1909ರ ಕೊನೆಯಲ್ಲಿ ರಿಕೆಟ್ಸರು ಟೈಫಸ್ ಜ್ವರದ ಅಭ್ಯಾಸಕ್ಕಾಗಿ ಮೆಕ್ಸಿಕೋ ನಗರಕ್ಕೆ ತೆರಳಿದರು. ಶಿಷ್ಯ ರಸೆಲ್ ವೈಲ್ಡರ್ ಜೊತೆಗಿದ್ದರು. ಈ ಜ್ವರವನ್ನು ಹರಡುವುದು ಮೈಹೇನು ಎಂಬುದು ಅವರ ಪ್ರಯೋಗಗಳಿಂದಲೂ ದೃಢಪಟ್ಟಿತು. ಕೆಲಸ ಮುಗಿಯುವ ಮುನ್ನವೇ ಅದೇ ಜ್ವರ ಅವರನ್ನು ಹಿಡಿಯಿತು. 1910ರ ಮೇ 3ರಂದು, 39ನೆಯ ವಯಸ್ಸಿನಲ್ಲಿ, ಪತ್ನಿ ಮೈರಾ ಮತ್ತು ಇಬ್ಬರು ಎಳೆಯ ಮಕ್ಕಳನ್ನು ಅಗಲಿ ಅವರು ತೀರಿಕೊಂಡರು. ಯೂರೋಪಿನ ವಿಜ್ಞಾನಿ ಪ್ರೊವಾಜೆಕ್ ಕೂಡ 1915ರಲ್ಲಿ ಟೈಫಸ್‌ನಿಂದಲೇ ಮಡಿದರು. ಮರುವರ್ಷ ಬ್ರೆಜಿಲ್ ದೇಶದ ರೋಚಾ ಲಿಮಾ ಎಂಬವರು ಟೈಫಸ್ ರೋಗಾಣುವನ್ನು ವಿವರಿಸಿ, ಇಬ್ಬರ ಹೆಸರುಗಳನ್ನೂ ಕೂಡಿಸಿ ಅದನ್ನು ರಿಕೆಟ್ಸಿಯಾ ಪ್ರೊವಾಜೆಕಿ ಎಂದು ಕರೆದರು. ಬಿಟರ್‌ರೂಟ್ ಕಣಿವೆಯ ಜ್ವರದ ರೋಗಾಣುವಿಗೆ ಇಂದು ರಿಕೆಟ್ಸಿಯಾ ರಿಕೆಟ್ಸಿ ಎಂಬ ಹೆಸರಿದೆ.