ಕಡೆಯ ಹಳ್ಳಿಗೆ ಮೊದಲ ಸಂಕೇತ

1975ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಇನ್ನೂ ದೂರದರ್ಶನ ಬಂದಿರಲಿಲ್ಲ. ರಾಜಧಾನಿಗೆ ಆ ಭಾಗ್ಯ ಒದಗಿದ್ದು 1981ರಲ್ಲಿ. ಆದರೆ ಆ ಆಗಸ್ಟ್‌ನಿಂದಲೇ ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಸಂಜೆಯಾದೊಡನೆ ಜನ ಒಂದು ಟಿ.ವಿ. ಪೆಟ್ಟಿಗೆಯ ಮುಂದೆ ನೆರೆಯತೊಡಗಿದ್ದರು. ಸುಮಾರು 36 ಸಾವಿರ ಕಿಲೊಮೀಟರ್ ಎತ್ತರದಲ್ಲಿದ್ದ ಉಪಗ್ರಹವೊಂದು ಕನ್ನಡದ ಕಾರ್ಯಕ್ರಮಗಳನ್ನು ನೇರವಾಗಿ ಅವರ ಊರಿಗೆ ಇಳಿಸುತ್ತಿತ್ತು. ಇದನ್ನು ಕನಸಿದ ವಿಕ್ರಮ್ ಸಾರಾಭಾಯಿ ಅದನ್ನು ನೋಡಲು ಉಳಿದಿರಲಿಲ್ಲ. ಅವರು ತೀರಿಕೊಂಡು ಆಗಲೇ ಮೂರೂವರೆ ವರ್ಷ ಕಳೆದಿತ್ತು.

ದೇಶದ ಡಿಜಿಟಲ್ ಪ್ರಗತಿಯ ಅಂಕಿಗಳನ್ನು ಕಂಡಾಗಲೆಲ್ಲ ನನಗೆ ಈ ಮನುಷ್ಯ ನೆನಪಾಗುತ್ತಾರೆ. ಭಾರತದ ಇಂಟರ್‌ನೆಟ್ ಚಂದಾದಾರರ ಸಂಖ್ಯೆ 90 ಕೋಟಿಯನ್ನು ದಾಟಿದೆ. ತರಕಾರಿ ಗಾಡಿಯ ಮೇಲೂ ಹಣ ಪಾವತಿಯ ಕ್ಯೂಆರ್ ಚೀಟಿ ಅಂಟಿಕೊಂಡಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇನ್ನೊಂದು ಲೆಕ್ಕವನ್ನೂ ಕೊಟ್ಟಿತ್ತು. 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಆವರೆಗೆ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದವರು ಶೇ 33ರಷ್ಟು ಮಾತ್ರ. ಪುರುಷರಲ್ಲಿ ಆ ಪ್ರಮಾಣ ಶೇ 57. ಹೊಸ ತಂತ್ರಜ್ಞಾನ ದೇಶಕ್ಕೆ ಬಂದಾಗ ಅದು ಮೊದಲು ಯಾರ ಬಾಗಿಲು ತಟ್ಟಬೇಕು? ಈ ಪ್ರಶ್ನೆಗೆ ಸಾರಾಭಾಯಿ ಕೊಟ್ಟ ಉತ್ತರ ನಮ್ಮ ರೂಢಿಗೆ ವಿರುದ್ಧವಾದುದು.

ಬಡತನವನ್ನು ಅನುಭವಿಸಿ ಅರಿತವರಲ್ಲ ಅವರು. 1919ರ ಆಗಸ್ಟ್ 12ರಂದು ಅಹಮದಾಬಾದಿನ ಸಿರಿವಂತ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅವರ ಮಗನಾಗಿ ಹುಟ್ಟಿದರು. ಓದಲು ಕೇಂಬ್ರಿಜ್‌ಗೆ ಹೋದರು. ಎರಡನೆಯ ಮಹಾಯುದ್ಧ ಅವರನ್ನು ಮರಳಿ ಭಾರತಕ್ಕೆ ಕಳಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದರು. ನೃತ್ಯ ಕಲಾವಿದೆ ಮೃಣಾಲಿನಿ ಅವರನ್ನು ವರಿಸಿದ್ದು 1942ರಲ್ಲಿ. ಯುದ್ಧ ಮುಗಿದ ಬಳಿಕ ಮತ್ತೆ ಕೇಂಬ್ರಿಜ್‌ಗೆ ತೆರಳಿ, 1947ರಲ್ಲಿ ಡಾಕ್ಟರೇಟ್ ಪಡೆದು ಬಂದವರೇ ಅಹಮದಾಬಾದಿನಲ್ಲಿ ಭೌತಸಂಶೋಧನಾ ಪ್ರಯೋಗಾಲಯವನ್ನು ಆರಂಭಿಸಿದರು. ಆಗ ಅವರಿಗೆ 28 ವರ್ಷ.

ಅದೇ ಕಾಲದಲ್ಲಿ ಅವರು ಜವಳಿ ಗಿರಣಿಗಳಿಗಾಗಿ ಸಂಶೋಧನಾ ಸಂಘವೊಂದನ್ನು ಕಟ್ಟುವ ಹೊಣೆಯನ್ನೂ ಹೊತ್ತರು. ಸಾರಾಭಾಯಿ ಅವರ ಮುಂದಿನ ಬದುಕಿಗೆ ಈ ಗಿರಣಿಗಳೇ ಪಾಠಶಾಲೆಯಾದವು ಎಂಬುದು ನನ್ನ ಅನಿಸಿಕೆ. ಹೊಸ ವಿಧಾನವನ್ನು ಕಂಡುಹಿಡಿಯುವುದು ಒಂದು ಕೆಲಸ. ಹಳೆಯ ರೂಢಿಯಲ್ಲಿ ನೆಲೆನಿಂತ ಜನ ಅದನ್ನು ತಮ್ಮದಾಗಿಸಿಕೊಳ್ಳುವಂತೆ ಮಾಡುವುದು ಬೇರೆಯೇ ಕೆಲಸ. ವಿಜ್ಞಾನಿಯಾಗಿದ್ದೂ ಅವರು 1961ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪನೆಗೆ ದುಡಿದುದರ ಹಿಂದೆ ಈ ಅರಿವು ಇದ್ದಿರಬೇಕು.

1962ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿ ಅವರ ಅಧ್ಯಕ್ಷತೆಯಲ್ಲಿ ರೂಪುಗೊಂಡಿತು. ಭೂಮಿಯ ಕಾಂತೀಯ ಸಮಭಾಜಕಕ್ಕೆ ಸಮೀಪವಾದ ಕೇರಳದ ತುಂಬಾ ಎಂಬ ಮೀನುಗಾರರ ಊರು ರಾಕೆಟ್ ಉಡಾವಣೆಗೆ ಆಯ್ಕೆಯಾಯಿತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಒಪ್ಪಿಗೆಯಿಂದ ಅಲ್ಲಿನ ಚರ್ಚು ವಿಜ್ಞಾನಿಗಳ ಕಾರ್ಯಾಗಾರವಾಯಿತು. 1963ರ ನವೆಂಬರ್ 21ರಂದು ಅಮೆರಿಕದಿಂದ ತಂದ ಪುಟ್ಟ ರಾಕೆಟ್ಟೊಂದು ಅಲ್ಲಿಂದ ಮೇಲೇರಿತು. ಹೊಟ್ಟೆಗಿಲ್ಲದ ದೇಶಕ್ಕೆ ಆಕಾಶದ ಉಸಾಬರಿ ಏಕೆಂದು ಕೇಳಿದವರು ಕಡಿಮೆಯಿರಲಿಲ್ಲ. ಚಂದ್ರನತ್ತ ಓಡುವ ಸ್ಪರ್ಧೆಯಲ್ಲಿ ಸಾರಾಭಾಯಿ ಅವರಿಗೆ ಆಸಕ್ತಿಯಿರಲಿಲ್ಲ. ಅವರ ಕಣ್ಣಿದ್ದುದು ಹವಾಮಾನ, ಸಂಪರ್ಕ ಮತ್ತು ಶಿಕ್ಷಣದ ಮೇಲೆ.

ಅವರ ಲೆಕ್ಕಾಚಾರ ಸರಳವಾಗಿತ್ತು. ನೆಲದ ಮೇಲೆ ಪ್ರಸಾರ ಗೋಪುರಗಳನ್ನು ಕಟ್ಟುತ್ತ ಹೋದರೆ ಮಹಾನಗರಕ್ಕೆ ಮೊದಲು, ಪಟ್ಟಣಕ್ಕೆ ಅನಂತರ, ಗುಡ್ಡದಾಚೆಯ ಹಳ್ಳಿಗೆ ಎಲ್ಲಕ್ಕಿಂತ ಕೊನೆಗೆ ಸಂಕೇತ ತಲುಪುತ್ತದೆ. ಅಷ್ಟರಲ್ಲಿ ಒಂದು ತಲೆಮಾರೇ ಕಳೆದಿರುತ್ತದೆ. ಉಪಗ್ರಹಕ್ಕೆ ಈ ಶ್ರೇಣಿಯಿಲ್ಲ; ಅದರ ಬೆಳಕು ಮುಂಬೈಯ ಮೇಲೂ ರಾಯಚೂರಿನ ಮೇಲೂ ಒಂದೇ ಗಳಿಗೆಯಲ್ಲಿ ಬೀಳುತ್ತದೆ. ಹಾಗೆಂದು ಅವರು ಕೇವಲ ಉಪಗ್ರಹವನ್ನು ನಂಬಿ ಕೂರಲಿಲ್ಲ. 1967ರಲ್ಲಿ ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ‘ಕೃಷಿ ದರ್ಶನ’ ಕಾರ್ಯಕ್ರಮದ ಸಾಮೂಹಿಕ ವೀಕ್ಷಣೆ ಆರಂಭವಾಯಿತು. ಅದೇ ವರ್ಷ ಅಹಮದಾಬಾದಿನಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ತಲೆಯೆತ್ತಿತು. 1969ರಲ್ಲಿ ನಾಸಾದೊಡನೆ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಉಪಗ್ರಹ ಅಮೆರಿಕದ್ದು, ಭೂಕೇಂದ್ರ, ಟಿ.ವಿ. ಪೆಟ್ಟಿಗೆ, ಕಾರ್ಯಕ್ರಮ ಎಲ್ಲವೂ ಭಾರತದವು.

ಈ ನಡುವೆ 1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ಮಡಿದ ಬಳಿಕ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆಯೂ ಸಾರಾಭಾಯಿ ಅವರ ಹೆಗಲೇರಿತ್ತು. ಅವರ ಅವಧಿಯಲ್ಲೇ, 1967ರಲ್ಲಿ, ಹೈದರಾಬಾದಿನಲ್ಲಿ ಭಾರತೀಯ ಇಲೆಕ್ಟ್ರಾನಿಕ್ಸ್ ನಿಗಮ ಸ್ಥಾಪನೆಯಾಯಿತು. 1969ರ ಆಗಸ್ಟ್ 15ರಂದು ಇಸ್ರೊ ಜನ್ಮ ತಾಳಿತು. ಒಂದೇ ದೇಹ ಇಷ್ಟೆಲ್ಲವನ್ನು ಎಷ್ಟು ಕಾಲ ತಾಳೀತು? 1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ಅವರು ನಿದ್ದೆಯಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 52 ವರ್ಷ ವಯಸ್ಸು.

ಒಪ್ಪಂದದಂತೆ ಪ್ರಯೋಗ 1975ರ ಆಗಸ್ಟ್ 1ರಂದು ಆರಂಭಗೊಂಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಹಿಂದುಳಿದ ಪ್ರದೇಶಗಳನ್ನೇ ಹುಡುಕಿ ಆರಿಸಲಾಗಿತ್ತು. ಸುಮಾರು ಮೂರು ಮೀಟರ್ ಅಗಲದ, ತಂತಿಬಲೆಯ ಅಗ್ಗದ ಆಂಟೆನಾ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ಒಟ್ಟು ನಾಲ್ಕು ಗಂಟೆಯ ಪ್ರಸಾರ. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ವಿಜ್ಞಾನ ಶಿಕ್ಷಣಗಳೇ ಮುಖ್ಯ ವಿಷಯಗಳು. ಹಿಂದಿ, ಒರಿಯಾ, ತೆಲುಗು, ಕನ್ನಡಗಳಲ್ಲಿ ಮಾತು. ಕೆಟ್ಟ ಪೆಟ್ಟಿಗೆಗಳನ್ನು ದುರಸ್ತಿ ಮಾಡಲು ತಂತ್ರಜ್ಞರ ವ್ಯವಸ್ಥೆ ಇತ್ತು. ನೋಡಿದವರ ಬದುಕಿನಲ್ಲಿ ಏನಾದರೂ ಬದಲಾಯಿತೇ ಎಂದು ಅರಿಯಲು ಸಮಾಜವಿಜ್ಞಾನಿಗಳು ಕೆಲವು ಹಳ್ಳಿಗಳಲ್ಲೇ ನೆಲೆಸಿದ್ದರು.

ಈ ಕಥೆಯನ್ನು ಸುಖಾಂತವಾಗಿಸುವ ಆಸೆ ನನಗಿಲ್ಲ. ಎರವಲು ಉಪಗ್ರಹ 1976ರ ಜುಲೈ 31ರಂದು ಹಿಂದಿರುಗಿತು. ಹಲವು ಹಳ್ಳಿಗಳ ಪರದೆಗಳು ಕಪ್ಪಾದವು. ಗುಲ್ಬರ್ಗದಲ್ಲಿ 1977ರಲ್ಲಿ ನೆಲದ ಪ್ರಸಾರ ಕೇಂದ್ರ ಬಂದುದು ಒಂದು ಸಮಾಧಾನ. ಅಲ್ಲದೆ, ಸಂವಹನ ಏಕಮುಖವಾಗಿತ್ತು; ಹಳ್ಳಿಗರು ಕೇಳಬಹುದಿತ್ತು, ಕೇಳಿಸುವಂತಿರಲಿಲ್ಲ. 1983ರಲ್ಲಿ ಇನ್ಸಾಟ್ ಸರಣಿಯ ಉಪಗ್ರಹ ಕೆಲಸ ಆರಂಭಿಸಿ ದೇಶದುದ್ದಕ್ಕೂ ಪ್ರಸಾರ ಜಾಲ ಹಬ್ಬಿದಾಗ, ಅದರ ಮೇಲೆ ಸವಾರಿ ಮಾಡಿದ್ದು ಬಹುಪಾಲು ಮನರಂಜನೆ ಮತ್ತು ಜಾಹೀರಾತು. ದಾರಿ ಸಾರಾಭಾಯಿ ತೋರಿದ್ದು, ಪಯಣ ಬೇರೆಯವರದಾಯಿತು.

ಇಂಟರ್‌ನೆಟ್ಟಿನ ವಿಷಯದಲ್ಲಂತೂ ನಾವು ಹಳೆಯ ಶ್ರೇಣಿಗೇ ಮರಳಿದೆವು. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅದು ದೊರೆತಾಗ ಸರದಿಯ ಮೊದಲಿಗೆ ನಿಂತದ್ದು ಮಹಾನಗರಗಳು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ್ದು 2011ರಲ್ಲಿ, ಅಂದರೆ 16 ವರ್ಷಗಳ ಬಳಿಕ. ಈ ವಿಳಂಬದ ಬೆಲೆಯನ್ನು ನಾವು 2020ರಲ್ಲಿ ಕಣ್ಣಾರೆ ಕಂಡೆವು. ಕೋವಿಡ್ ಶಾಲೆಗಳ ಬಾಗಿಲು ಮುಚ್ಚಿಸಿದಾಗ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ, ಮೊಬೈಲ್ ಸಂಕೇತ ಅರಸುತ್ತ ಗುಡ್ಡ ಹತ್ತಿದರು. ಮನೆಯಲ್ಲಿ ಒಂದೇ ಫೋನಿದ್ದು, ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋದರೆ ಮಗಳ ತರಗತಿ ಅಲ್ಲಿಗೇ ಮುಗಿಯುತ್ತಿತ್ತು. ರಾಷ್ಟ್ರದ ಸರಾಸರಿಯಲ್ಲಿ ಆ ಮನೆಗೂ ಸಂಪರ್ಕವಿತ್ತು.

2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸನಿಹ ಇಳಿದ ಭಾರತದ ನೌಕೆಗೆ ವಿಕ್ರಮ್ ಎಂದೇ ಹೆಸರು. ಈ ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ಅವರ ಸ್ಮರಣೆಗೆ ನೆಲದ ಮೇಲೆಯೂ ಒಂದು ಕೆಲಸವಾಗಬೇಕೆಂದು ನಾನು ಬಯಸುತ್ತೇನೆ. ಎಷ್ಟು ಕೋಟಿ ಜನ ಸಂಪರ್ಕ ಪಡೆದರು ಎಂಬುದರ ಜೊತೆಗೇ, ಯಾವ ಊರು ಇನ್ನೂ ಪಡೆದಿಲ್ಲ, ಯಾವ ಮನೆಯ ಹೆಣ್ಣುಮಗಳ ಕೈಗೆ ಫೋನು ಸಿಕ್ಕಿಲ್ಲ, ಕೆಟ್ಟ ತಂತಿಯನ್ನು ಯಾರು ಸರಿಪಡಿಸುತ್ತಾರೆ, ಸಿಕ್ಕ ಮಾಹಿತಿ ಓದುವವರ ಭಾಷೆಯಲ್ಲಿದೆಯೇ ಎಂಬುದನ್ನು ಸರ್ಕಾರಗಳು ಪ್ರತಿವರ್ಷ ಊರಿನ ಹೆಸರಿನೊಡನೆ ಪ್ರಕಟಿಸಲಿ. ಹೊಸ ಹಣ ಮೊದಲು ಆ ಪಟ್ಟಿಯಲ್ಲಿರುವ ಊರುಗಳಿಗೇ ಹೋಗಲಿ. ಬೆಂಗಳೂರಿಗಿಂತ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿ ಟಿ.ವಿ. ಕಂಡಿದ್ದು ನಿಜವಾದರೆ, ಇದೂ ಆಗದ ಮಾತಲ್ಲ.